ಟೈಪ್‌ರೈಟರ್ ಮಾವನ ಷೇರು

ಟೈಪ್‌ರೈಟರ್ ರಿಪೇರಿಯ ಮಾವನಿಗೆ ಷೇರು ಪೇಟೆ ಬಿದ್ದರೂ ಒಂದೇ, ಎದ್ದರೂ ಒಂದೇ. ದಿನಕ್ಕೆ ನಲವತ್ತು ಸಲ ಮೊಬೈಲಿನಲ್ಲಿ ರೇಟು ನೋಡಿ ಬೆವರುವ ಅಳಿಯನಿಗೆ ಇದೊಂದು ಪವಾಡವೇ ಸರಿ. ಪೇಟೆ ಕುಸಿದ ದಿನ ಅವನು ಏದುಸಿರು ಬಿಡುತ್ತಾ ಓಡಿ ಬಂದರೆ, ಗಿರಾಕಿಯೇ ಇಲ್ಲದ ಅಂಗಡಿಯಲ್ಲಿ ಮಾವ ಹಳೆಯ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದರು. "ನನ್ನ ಷೇರಿನ ಕಂಪನಿ ಮುಚ್ಚಿತಾ?" "ಇಲ್ಲ ಮಾವ." "ಹಾಗಾದ್ರೆ ಊಟ ಮಾಡಿ ಹೋಗಿ." ಭೂಮಿ ನಡುಗಿದರೂ ಈ ಮನುಷ್ಯ ಎಣ್ಣೆ ಡಬ್ಬಿಯ ಮುಚ್ಚಳ ಹಾಕಿಯೇ ಏಳುವವರು. ಮೂವತ್ತು ವರ್ಷದಿಂದ ಒಂದೇ ಕಂಪ್ಯೂಟರ್ ಕಂಪನಿಯ ಷೇರು, ಒಂದನ್ನೂ ಮಾರಿಲ್ಲ. "ಅದನ್ನೇ ಯಾಕೆ ತಗೊಂಡ್ರಿ?" ಎಂದು ಅಳಿಯ ಕೊನೆಗೂ ಕೇಳಿಯೇಬಿಟ್ಟ. ಮಾವ ಕೈ ಒರೆಸಿಕೊಂಡರು. "ನಾನು ರಿಪೇರಿಗೆ ಹೋಗ್ತಿದ್ದ ಆಫೀಸಿಗೆ ಅವರ ಕಂಪ್ಯೂಟರ್ ಬಂತು. ಟೈಪಿಸ್ಟು ಒಂದಕ್ಷರ ತಪ್ಪು ಹೊಡೆದು ಬಟನ್ ಒತ್ತಿದ್ಲು. ರಬ್ಬರಿಲ್ಲ, ಗೀರಿಲ್ಲ, ಅಕ್ಷರ ಮಾಯ! ನನ್ನ ಕಸುಬು ಮುಗೀತು ಅಂತ ಅಲ್ಲೇ ಗೊತ್ತಾಯ್ತು. ಆದ್ರೂ ಅಳಿಯಂದಿರೇ, ಎಷ್ಟು ಚೆನ್ನಾಗಿತ್ತು ಗೊತ್ತಾ!"