ಖಾಸಿಂ ಬೀಗೆ ಬೇಕಾದ ಒಂದು ನಿಜ

೧೯೭೯ರಲ್ಲಿ ನಾನು ಮಾನ್ವಿಯ ಒಂದು ಹತ್ತಿ ಮಿಲ್ಲಿನಲ್ಲಿ ತಕ್ಕಡಿ ಗುಮಾಸ್ತ. ಒಣಗಿದ ಹತ್ತಿಗೂ ‘ಹಸಿ ಅದ’ ಎಂದು ರೈತನಿಗೆ ಹೇಳಿ ತೂಕ ಮುರಿಯುವುದು ನನ್ನ ಕೆಲಸ. ಅದಕ್ಕೆ ಸಂಬಳ ಬರುತ್ತಿತ್ತು. ನಾನು ಬಾಡಿಗೆಗಿದ್ದ ಮನೆಯ ಒಡತಿ ಖಾಸಿಂ ಬೀಯ ಮಗ ಮೌಲಾಹುಸೇನನೂ ಸುಳ್ಳು ಹೇಳುತ್ತಿದ್ದ, ಆದರೆ ಪುಕ್ಕಟೆ. ಹಾಗಾಗಿ ಓಣಿ ಅವನನ್ನು ಸುಳ್ಳ ಎನ್ನುತ್ತಿತ್ತು, ನನ್ನನ್ನು ಗುಮಾಸ್ತರು ಎನ್ನುತ್ತಿತ್ತು.

ಖಾಸಿಂ ಬೀ ಬಳೆ ಮಾರುವವಳು. ಗಂಡ ಸತ್ತ ಮೇಲೆ ಬುಟ್ಟಿ ಹೊತ್ತು, ಬಸ್ಸು ಹತ್ತಿ ದೇವದುರ್ಗ, ಗಬ್ಬೂರು, ಜಾಲಹಳ್ಳಿ ತಿರುಗಿದವಳು. ಮಗನಿಗೆ ಇಪ್ಪತ್ತಾರು ವರ್ಷ, ಹನ್ನೆರಡರಿಂದಲೂ ಮೂರ್ಛೆರೋಗ. ಅವನು ಬಿದ್ದಾಗೆಲ್ಲ ಓಣಿಯ ಪಂಡಿತರು ಸೇರುತ್ತಿದ್ದರು. ಒಬ್ಬ ಚಪ್ಪಲಿ ಮೂಸಿಸುವವ, ಒಬ್ಬ ಕೈಗೆ ಕಬ್ಬಿಣದ ಕೀಲಿಕೈ ತುರುಕುವವ. ಎರಡನೆಯವ ಸಾಮಾನ್ಯವಾಗಿ ನಾನೇ. ಎಸ್ಸೆಸ್ಸೆಲ್ಸಿ ಪಾಸಾದವನು, ಅಷ್ಟಾದರೂ ವಿಜ್ಞಾನ ಬೇಡವೆ?

ರೋಗದ ನಿಜ ಹೇಳಿ ಮೌಲಾಹುಸೇನ ಮೂರು ಕೆಲಸ ಕಳೆದುಕೊಂಡಿದ್ದ. ದರ್ಜಿ ಅಂಗಡಿಯವನಂತೂ ಕಥೆ ಕೇಳಿ ಕಣ್ಣೊರೆಸಿಕೊಂಡು ಅದೇ ಸಂಜೆ ಬಿಡಿಸಿದ. ಆಮೇಲೆ ಸುಳ್ಳು ರೂಢಿಯಾಯಿತು. ರೊಟ್ಟಿ ತಿಂದು ಅನ್ನ ತಿಂದೆ ಎನ್ನುವಷ್ಟು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮೇಜು ಒರೆಸುತ್ತೇನೆಂದು ತಾಯಿಗೆ ಹೇಳಿದ್ದ. ನಿಲ್ಲುತ್ತಿದ್ದದ್ದು ಕುದಿಯುವ ಎಣ್ಣೆಯ ಮುಂದೆ, ಮಿರ್ಚಿ ಕರಿಯಲು. ನನಗದು ಗೊತ್ತಿತ್ತು. ದಿನಾ ಸಂಜೆ ಎರಡು ಮಿರ್ಚಿ ಪುಕ್ಕಟೆ ಸಿಗುತ್ತಿದ್ದರಿಂದ ನನ್ನ ಬಾಯಿಗೆ ಮಾತಾಡಲು ಬಿಡುವಿರಲಿಲ್ಲ.

ರಾಯಚೂರಿನ ಡಾಕ್ಟರ ಬಳಿ ಚೀಟಿ ಓದಲೆಂದು ತಾಯಿ ಮಗ ನನ್ನನ್ನೂ ಕರೆದೊಯ್ದರು.

“ಈ ತಿಂಗಳು ಎಷ್ಟು ಸಲ ಬಂತು?” ಎಂದರು ಡಾಕ್ಟರು.

“ಒಂದೂ ಇಲ್ರಿ ಸರ್,” ಎಂದ ಮೌಲಾಹುಸೇನ.

ಡಾಕ್ಟರು ನನ್ನತ್ತ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಸಂತೋಷಪಟ್ಟು ದಿನಕ್ಕೊಂದು ಗುಳಿಗೆ ಕಡಿಮೆ ಮಾಡಿದರು.

ಮನೆ ಮುಟ್ಟಿದ ಮೇಲೆ ಖಾಸಿಂ ಬೀ ಮಗನನ್ನು ಎದುರಿಗೆ ಕೂರಿಸಿಕೊಂಡಳು. ಮನೆಯಲ್ಲಿ ಅವರದು ದಖನಿ ಉರ್ದು. ಅವತ್ತು ನನಗೂ ಕೇಳಲೆಂದೇ ಕನ್ನಡದಲ್ಲಿ ಶುರುಮಾಡಿದಳು.

“ತೊಡಿಸಾಗ ಒಡದ ಬಳಿ ಯಾರ ಲುಕ್ಸಾನು?”

“ಮಾರಾಕೀದು,” ಎಂದ ಮಗ. ಬಳೆಗಾರರ ಮನೆಯಲ್ಲಿ ಅದು ಹುಟ್ಟಿನಿಂದ ಗೊತ್ತಿರುವ ಮಾತು.

“ಕೈ ಕೊಟ್ಟಾಕಿನ್ನ ಬೈತೀನೇನು?”

“ಇಲ್ಲ.”

“ಇದೂ ಹಂಗ. ನೀ ಖರೆ ಹೇಳಾಗ ಏನು ಒಡದ್ರೂ ನಂದು. ಬೈಯಂಗಿಲ್ಲ. ಎಷ್ಟು ಸಲ ಬಿದ್ದಿ?”

“ಒಂದೂ...”

“ದಿಂಬಿನ ಮ್ಯಾಲ ರಕ್ತ ಅದ. ನಾಲಗಿ ಕಡಕೊಂಡಿದ್ದಲ್ಲಂದ್ರ ಹುಂಜ ಕೊಯ್ದಿದ್ದೇನು?”

ಅವನು ನೆಲ ನೋಡಿದ. “ನಾಕು,” ಎಂದ. ಆಮೇಲೆ ತಾನಾಗಿಯೇ, “ಒಮ್ಮೆ ಎಣ್ಣಿ ಮುಂದ. ಮಿರ್ಚಿ ಕರಿಯಾಕ ನಾನ ನಿಂದರ್ತೀನಿ.”

ಖಾಸಿಂ ಬೀ ಬೈಯಲಿಲ್ಲ. ಒಳಗೆ ಹೋಗಿ ಪಾತ್ರೆಗಳ ಮೇಲೆ ತೀರಿಸಿಕೊಂಡು ಬಂದಳು. ಆಮೇಲೆ ನನ್ನ ಸರದಿ.

“ನಿಮಗ ಗೊತ್ತಿತ್ತೇನ್ರಿ ಗುಮಾಸ್ತರ?”

“ಇಲ್ಲಮ್ಮ,” ಎಂದೆ.

ಮೌಲಾಹುಸೇನ ನನ್ನನ್ನು, ಉಸ್ತಾದ ಹೊಸ ಶಿಷ್ಯನನ್ನು ನೋಡುವಂತೆ ನೋಡಿದ.

ಮರುದಿನವೇ ಅವಳು ರಾಯಚೂರಿಗೆ ಹೋಗಿ ಗುಳಿಗೆ ಮೊದಲಿನಷ್ಟೇ ಮಾಡಿಸಿದಳು. ವಾಪಸು ಬಂದವಳು ಬಸ್ಸಿಳಿದು ನೇರ ಹೋಟೆಲಿಗೆ ನಡೆದು ಮಗನ ರೋಗದ ವಿಷಯ ಹೇಳಿದಳು. ಮಾಲಕ ಗಲ್ಲಾಪೆಟ್ಟಿಗೆ ಬಿಟ್ಟು ಏಳದೆ, “ಯಮ್ಮಾ, ಇದು ಧರ್ಮಾಸ್ಪತ್ರಿ ಅಲ್ಲ,” ಎಂದ.

“ಧರ್ಮ ಬ್ಯಾಡ್ರಿ. ಒಲಿಯಿಂದ ದೂರ, ಹಿಟ್ಟು ಕಲಸಾಕ ಕುಂಡರಸ್ರಿ. ನೆಲದ ಮ್ಯಾಲ ಕುಂತಾವ ಇನ್ನೆಲ್ಲಿಗೆ ಬೀಳ್ತಾನ?”

ಮಾಲಕ ಅರ್ಧ ಸಂಬಳಕ್ಕೆ ಒಪ್ಪಿ, ಪೂರ್ತಿ ಪುಣ್ಯ ಕಟ್ಟಿಕೊಂಡ. ಅಂದಿನಿಂದ ನನಗೆ ಮಿರ್ಚಿಯೂ ನಿಂತಿತು. ಓಣಿಯ ದುಃಖದಲ್ಲಿ ನನ್ನ ಪಾಲು ಅಷ್ಟು.

ಮುಂದಿನ ತಿಂಗಳು ಡಾಕ್ಟರು ಮತ್ತೆ ಕೇಳಿದರು.

“ಮೂರು ಸಲರಿ,” ಎಂದ ಮೌಲಾಹುಸೇನ, ತಡವರಿಸದೆ. ಡಾಕ್ಟರು ಬರೆಯುವಷ್ಟರಲ್ಲಿ ಸುಮ್ಮನಿರಲಾಗದೆ, “ಹೋಟೆಲ್ ಮಾಲಕರು ನನಗ ಮಗಳ್ನ ಕೊಡಾಕತ್ತಾರ್ರಿ. ಬಂಗಾರನೂ ಹಾಕ್ತಾರಂತ,” ಎಂದ.

ಮಾಲಕನಿಗೆ ಮಕ್ಕಳೇ ಇಲ್ಲ. ಅವನು ಹಿಂದೂ ಬೇರೆ. ನನ್ನ ನಗು ಕಂಡು ಡಾಕ್ಟರು ಪೆನ್ನು ಎತ್ತಿ, ಬರೆದದ್ದನ್ನು ಹೊಡೆದುಹಾಕಲೇ ಎಂಬಂತೆ ತಾಯಿಯ ಮುಖ ನೋಡಿದರು.

“ಮೂರು ಅನ್ನೋದು ಖರೆ ಅದರಿ,” ಎಂದಳು ಖಾಸಿಂ ಬೀ. “ಅಷ್ಟು ನೋಡಿ ಗುಳಿಗಿ ಬರದು ಕೊಡ್ರಿ. ಮದುವಿ ನಾ ನೋಡ್ಕೋತೀನಿ.”