ತಿರುವಾನ್ಮಿಯೂರ್ ನಿಲ್ದಾಣದ ಹೂವಾಡಗಿತ್ತಿ

ಧಾರವಾಡದಿಂದ ಬಂದ ದೊಡ್ಡವ್ವನನ್ನು ಸೆಂಟ್ರಲ್‌ನಲ್ಲಿ ಇಳಿಸಿಕೊಂಡಾಗ ಬಿಸಿಲು ಆಗಲೇ ಚುರುಕಾಗಿತ್ತು. ಶೋಳಿಂಗನಲ್ಲೂರಿನ ನನ್ನ ಮನೆಗೆ ಕ್ಯಾಬ್ ಕರೆಯಲು ಹೊರಟೆ. “ಮ್ಯಾಲೆ ಓಡೋ ರೈಲು ಐತಂತಲ್ಲ, ಅದನ್ನ ತೋರಸು” ಎಂದಳು. ಪಾರ್ಕ್ ಟೌನ್‌ನಲ್ಲಿ ಹತ್ತಿದೆವು. ಇಬ್ಬರಿಗೂ ಸೇರಿ ಹತ್ತು ರೂಪಾಯಿ.

ಕಿಟಕಿಯ ಕೆಳಗೆ ಕಪ್ಪು ಕಾಲುವೆ, ಸಾಲು ಸಾಲು ತಾರಸಿಗಳು. “ಇಷ್ಟು ಬಿಸಲಾಗ ಒಬ್ಬರೂ ಹಪ್ಪಳ ಹಾಕಿಲ್ಲಲ್ಲ!” ಎಂದು ನಕ್ಕಳು. ಅಡ್ಯಾರ್ ನದಿ ದಾಟುವಾಗ ಅವಳ ಮಾತು ನಿಂತಿತು. ಹಣೆ ಬೆವರಿತ್ತು, ಕೈ ನಡುಗುತ್ತಿತ್ತು. ಮನೆ ಹತ್ತಿರವೇ ಇರಬೇಕೆಂದು ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಬೆಳಿಗ್ಗೆಯೇ ನುಂಗಿದ್ದಳು. ಹೊಟ್ಟೆ ಖಾಲಿ. ನಾನು ಬಿಸ್ಕತ್ತು ತೆಗೆದರೆ ಅವಳು ಎದೆಯ ಮೇಲಿನ ಲಿಂಗದ ಕರಡಿಗೆ ಹಿಡಿದುಕೊಂಡಳು.

“ಗುಳಿಗಿ ಮಾತು ಬ್ಯಾರೆ. ಲಿಂಗಪೂಜಿ ಆಗದ ಬಾಯಾಗ ತಿನ್ನೂದೇನೂ ಹಾಕೂದಿಲ್ಲ. ಗೊತ್ತಿಲ್ಲೇನು ನಿನಗ?”

ತಿರುವಾನ್ಮಿಯೂರಿನಲ್ಲಿ ಇಳಿದೆವು. ಪ್ಲಾಟ್‌ಫಾರ್ಮಿನ ಕೆಳಗೆ ದೊಡ್ಡ ಹಜಾರ, ಸಮುದ್ರದ ಕಡೆಯ ಗಾಳಿ. ದೊಡ್ಡವ್ವ ಕಂಬಕ್ಕೊರಗಿ ಕುಸಿದು ಕೂತಳು. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು “ಎನ್ನಮ್ಮಾ, ಮಯಕ್ಕಮಾ?” ಎಂದು ಕೇಳಿದಳು. ತಲೆಸುತ್ತೇ ಹೌದು, ಆದರೆ ಪೂಜೆಯಾಗದೆ ತಿನ್ನುವುದಿಲ್ಲ ಎಂದು ತಮಿಳಿನಲ್ಲಿ ಹೇಳಿದೆ. ಅದಕ್ಕೆ ಮನೆಯೇ ಬೇಕೇನು, ಇಲ್ಲೇ ಮಾಡಲಿ ಎಂದಳು. ಕುಡಿಯುವ ನೀರಿನ ಬಾಟಲಿ ಕೊಟ್ಟಳು, ನೆಲ ಒರೆಸಿದಳು, ಹೂವಿನ ಬುಟ್ಟಿಯನ್ನು ಮರೆಯಾಗಿ ಇಟ್ಟಳು. ಅಡ್ಡ ಬಂದವನೊಬ್ಬನಿಗೆ, “ಓರಮಾ ಪೋಪ್ಪಾ, ಸಾಮಿ ಕುಂಬಿಡ್ರಾಂಗ!” ಎಂದು, ಪೂಜೆ ಮಾಡುತ್ತಿದ್ದಾರೆ ಬದಿಗೆ ಹೋಗು ಅಂತ, ಗದರಿದಳು. ಅವನು ಚಪ್ಪಲಿ ಕೈಯಲ್ಲಿ ಹಿಡಿದು ಸುತ್ತಿಕೊಂಡು ಹೋದ.

ದೊಡ್ಡವ್ವ ಮುಖ ತೊಳೆದು ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡಳು. ಅಂಗೈ ನಡುಗಿತು. ಲಿಂಗ ಬಿದ್ದರೆ ಅವಳು ತಡೆದುಕೊಳ್ಳಲಾರಳು. ನಾನು ಕೈ ಚಾಚುವ ಮೊದಲೇ ಹೂವಿನವಳು ತನ್ನ ಒದ್ದೆ ಕೈಯನ್ನು ಅವಳ ಮಣಿಕಟ್ಟಿನ ಕೆಳಗೆ ಕೊಟ್ಟಳು. ಪೂಜೆಗೆ ಕೂತಾಗ ಮೊಮ್ಮಕ್ಕಳೂ ಮುಟ್ಟುವಂತಿಲ್ಲ. ಬೈಗುಳಕ್ಕೆ ಕಾದೆ. ದೊಡ್ಡವ್ವ ಕಣ್ಣು ತೆರೆಯಲಿಲ್ಲ, ಕೈಯನ್ನೂ ಎಳೆದುಕೊಳ್ಳಲಿಲ್ಲ. ಕೊನೆಗೆ ಒಂದು ಸೇವಂತಿಗೆ ಏರಿಸಿದಳು.

ನಾನು ಕೊಟ್ಟ ಬಿಸ್ಕತ್ತನ್ನು ಮುರಿದು ಮೊದಲ ತುಂಡನ್ನು ಹೂವಿನವಳತ್ತ ಚಾಚಿದಳು.

“ಮೊದಲ್ಲ ನೀಂಗ ಸಾಪ್ಪಿಡುಂಗಕ್ಕಾ!”

“ಏನಂತಾಳ?”

“ಮೊದಲು ನೀ ತಿನ್ನು ಅಂತಾಳ.”

“ಥೇಟ್ ನಮ್ಮವ್ವನಂಗ ಬೈತಾಳ ನೋಡು” ಎಂದು ಬಾಯಿಗೆ ಹಾಕಿಕೊಂಡಳು. ನನಗೆ ಉಸಿರು ಬಂತು. ನನ್ನ ‘ನನ್ರಿ’ ಎಂಬ ಧನ್ಯವಾದಕ್ಕೆ ಆ ಹೆಂಗಸು ತಲೆಯೆತ್ತಲೂ ಇಲ್ಲ, ಎಳೆಗೆ ಮತ್ತೊಂದು ಮೊಗ್ಗು ಸೇರಿಸಿದಳು.

ಮನೆಗೆ ಹೋಗುವ ಬಸ್ಸಿನಿಂದ ತಿರುಗಿ ನೋಡಿದರೆ ನಿಲ್ದಾಣದ ಕಾಂಕ್ರೀಟ್ ಗೋಡೆಯಷ್ಟೇ ಕಂಡಿತು. ದೊಡ್ಡವ್ವನೂ ಅತ್ತಲೇ ನೋಡುತ್ತಿದ್ದಳು.

“ಊರಿಗೆ ಹೋಗೂವಾಗೂ ಇದ ರೈಲಿಗೆ ಹೋಗೂಣು” ಎಂದಳು. “ಒಂದು ತಾಸು ಮೊದಲ ಹೊರಡೂಣು.”