ಸಕ್ಕರೆ ಕಾಯಿಲೆಯ ಬೆಕ್ಕು

ಕೊಟ್ಟಿಗೆಹಾರದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಮೆಡಿಕಲ್ ಅಕ್ಕನ ಬಲಗೈ ಹೆಬ್ಬೆರಳು ಸದಾ ಮಾರ್ಕರ್ ಪೆನ್ನಿನ ಮಸಿ ಹತ್ತಿ ಕಪ್ಪಾಗಿರುತ್ತಿತ್ತು. ಮಾತ್ರೆ ಹಾಕಿಕೊಡುವ ಲಕೋಟೆಗಳ ಮೇಲೆ ಅವರು ಪ್ರಾಣಿಗಳ ಚಿತ್ರ ಬರೆಯುತ್ತಿದ್ದರು. ಬಿಪಿ ಮಾತ್ರೆಗೆ ಆನೆ, ಸಕ್ಕರೆ ಕಾಯಿಲೆಯದಕ್ಕೆ ಬೆಕ್ಕು, ಜ್ವರದ್ದಕ್ಕೆ ಹುಂಜ. ಆ ಆನೆಯನ್ನು ಸೊಂಡಿಲಿನಿಂದಲೇ ಗುರುತು ಹಿಡಿಯಬೇಕಿತ್ತು. ಉಳಿದಂತೆ ಅದು ಹಂದಿಯೇ.

ನಾನು ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ಲೆಕ್ಕ ನೋಡಿಕೊಳ್ಳುವ ರೈಟರ್. ಕೆಲಸಗಾರರ ಮನೆಗಳ ಸಾಲಾದ ನಮ್ಮ ಕೂಲಿ ಲೈನಿನಲ್ಲಿ ಈಗ ಅಸ್ಸಾಮಿನವರೇ ಹೆಚ್ಚು. ಅವರನ್ನು ಅಂಗಡಿಗೆ ಕರೆದೊಯ್ದಾಗ ಒಮ್ಮೆ ಕೇಳಿದೆ, "ಇದೆಲ್ಲ ಯಾಕಕ್ಕಾ?"

"ಕಂಪೆನಿಯವ್ರೇ ಕಲಿಸಿದ್ದು ಮಾರಾಯ. ಮುಲಾಮಿನ ಹೆಸರು ಯಾರಿಗೆ ಬೇಕು? ಡಬ್ಬಿ ಮೇಲಿನ ಚಿತ್ರ ನೋಡಿ ಜಿಂಕೇದು ಕೊಡಿ, ಕುದುರೇದು ಕೊಡಿ ಅಂತಾನೇ ಜನ ಕೇಳೋದು. ಡಬ್ಬಿಗೆ ಆಗೋದು ಮಾತ್ರೆಗೆ ಯಾಕಾಗ್ಬಾರ್ದು?"

ಕನ್ನಡ ಬಾರದವರಿಗೆ ಬೆಕ್ಕು ತೋರಿಸಿ "ಮಿಯಾಂವ್" ಎನ್ನುವರು. ಒಂದು ಬೆರಳೆತ್ತುವರು. ಬಾಯಿಗೆ ತುತ್ತಿಡುವಂತೆ ಕೈ ಒಯ್ಯುವರು. ಊಟದ ಹೊತ್ತಿಗೆ ಒಂದು, ಎಂದರ್ಥ. ಎದುರಿನವರೂ ಹಾಗೆಯೇ ಮಾಡಿ ತೋರಿಸುವ ತನಕ ಲಕೋಟೆ ಕೊಡುತ್ತಿರಲಿಲ್ಲ. ಅರವತ್ತು ದಾಟಿದ ಹೆಂಗಸು ಹೀಗೆ ಕೂಗುವುದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು.

ಒಂದು ಕೊಯ್ಲಿನ ಕಾಲದಲ್ಲಿ, ಅಸ್ಸಾಮಿನ ಕೆಲಸಗಾರನೊಬ್ಬ ಗಿಡದ ಬುಡದಲ್ಲೇ ಕುಸಿದ. ಮೈಯೆಲ್ಲ ಬೆವರು, ಮಾತು ತೊದಲು. ಅವನನ್ನೂ ಅವನ ಹೆಂಡತಿಯನ್ನೂ ಜೀಪಿಗೆ ಹತ್ತಿಸಿ ಮೂಡಿಗೆರೆ ಆಸ್ಪತ್ರೆಗೆ ಹೊರಟೆ. ಕೊಟ್ಟಿಗೆಹಾರ ಬರುತ್ತಲೇ ಅವಳು ನನ್ನ ತೋಳು ಹಿಡಿದು ಜೀಪು ನಿಲ್ಲಿಸಿದಳು, ಮೆಡಿಕಲ್ಲಿಗೆ ಓಡಿದಳು. ಅಲ್ಲಿ ನಿಂತು ಅಳುತ್ತ "ಮಿಯಾಂವ್, ಮಿಯಾಂವ್" ಎಂದಳು. ಎರಡು ಬೆರಳೆತ್ತಿದಳು. ಬಾಯಿಗೆ ತುತ್ತಿಡುವಂತೆ ಮಾಡಿ, ಇಲ್ಲವೆಂದು ಕೈಯಾಡಿಸಿದಳು.

ಯಾರೂ ನಗಲಿಲ್ಲ.

"ಅಯ್ಯೋ, ಊಟ ಮಾಡ್ದೆ ಎರಡು ನುಂಗಿದಾನೆ. ಶುಗರ್ ಪೂರ್ತಿ ಇಳಿದಿದೆ!" ಎಂದು ಅಕ್ಕ ಗ್ಲೂಕೋಸ್ ಕದಡಿಕೊಂಡು ಜೀಪಿಗೇ ಬಂದರು. ಅವನಿಗೆ ನುಂಗಲು ಬರುತ್ತದೆಯೇ ಎಂದು ನೋಡಿ, ಗುಟುಕು ಗುಟುಕಾಗಿ ಕುಡಿಸಿದರು. ಸ್ವಲ್ಪ ಹೊತ್ತಿಗೆ ಅವನು ಕಣ್ಣರಳಿಸಿ ಹೆಂಡತಿಯ ಹೆಸರು ಹಿಡಿದು ಕರೆದ. ನಾನು ಮತ್ತೆ ಮೂಡಿಗೆರೆಯತ್ತ ಜೀಪು ಬಿಟ್ಟೆ. ಇನ್ನೂ ತಡವಾಗಿದ್ದರೆ ಉಳಿಯುವುದು ಕಷ್ಟವಿತ್ತು ಎಂದರು ಆಸ್ಪತ್ರೆಯ ಡಾಕ್ಟರು.

ಮರುದಿನ ಅಕ್ಕ ಅಂಗಡಿ ಮುಚ್ಚಿ ನಮ್ಮ ಲೈನಿಗೆ ಬಂದರು. "ಬೆಕ್ಕಿನ ಮುಂದೆ ಅನ್ನದ ತಟ್ಟೆ ಬರೀಬೇಕಿತ್ತು ಕಣೋ, ನಂಗೆ ಹೊಳೀಲೇ ಇಲ್ಲ" ಎನ್ನುತ್ತ ಮನೆಮನೆಗೆ ಹೋಗಿ ಪ್ರತಿ ಲಕೋಟೆಗೂ ತಟ್ಟೆ ಬರೆದರು. ಆಮೇಲೆ ಭಾನುವಾರಗಳಲ್ಲಿ ಬರುವುದು ರೂಢಿಯೇ ಆಯಿತು.

ಕಳೆದ ಮಳೆಗಾಲದಲ್ಲಿ ಅಕ್ಕ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಬಂದಾಗ ತೋಟದಲ್ಲಿ ಕೆಲಸ ನಡೆದಿತ್ತು. ನಿಲ್ಲಿಸಿ, ಎಲ್ಲರನ್ನೂ ಟ್ರಾಕ್ಟರಿಗೆ ಹತ್ತಿಸಿಕೊಂಡು ಅಕ್ಕನ ಮುಖ ಕೊನೆಯ ಸಲ ನೋಡಲು ಹೊರಟೆ. ಇಷ್ಟು ವರ್ಷದ ರೈಟರ್ ಕೆಲಸದಲ್ಲಿ ಧಣಿಗಳನ್ನು ಕೇಳದೆ ನಾನು ಮಾಡಿದ್ದು ಅದೊಂದೇ.